ಬೀಗದ ಕೈ ಎಂಬ ಅಮಾನತು

ಪ್ಯಾಲೆಸ್ತೀನಿನ ಬಗ್ಗೆ ಬರುವ ಪುಸ್ತಕಗಳ ಮುಖಪುಟಗಳಲ್ಲಿ, ಸಭೆಗಳ ಭಿತ್ತಿಪತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವೊಂದಿದೆ. ಸುಕ್ಕುಗಟ್ಟಿದ ಅಂಗೈ, ಅದರಲ್ಲೊಂದು ತುಕ್ಕು ಹಿಡಿದ ಬೀಗದ ಕೈ. ಅದರ ಕತೆ ಎಲ್ಲರಿಗೂ ಗೊತ್ತು. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಾರು ಬಿಟ್ಟು ಹೊರಡಬೇಕಾಯಿತು. ನಾನೂರಕ್ಕೂ ಮಿಕ್ಕಿ ಹಳ್ಳಿಗಳು ಬರಿದಾದವು. ಅರಬ್ಬಿಯಲ್ಲಿ ಅದನ್ನು 'ನಕ್ಬಾ', ಅಂದರೆ ಮಹಾವಿಪತ್ತು ಎನ್ನುತ್ತಾರೆ. ಎಷ್ಟೋ ಮಂದಿ ಮನೆಗೆ ಬೀಗ ಜಡಿದು, ಕೈಯನ್ನು ಜೇಬಿಗೋ ಮಡಿಲಿಗೋ ಹಾಕಿಕೊಂಡು ಹೊರಟರು. ಗಲಭೆ ತಣಿದ ಮೇಲೆ, ಹದಿನೈದು ದಿನಕ್ಕೋ ತಿಂಗಳಿಗೋ, ಮರಳಬಹುದೆಂಬ ನಂಬಿಕೆ ಅವರದು. ಆ ನಂಬಿಕೆಗೆ ಈಗ ಮುಕ್ಕಾಲು ಶತಮಾನ ದಾಟಿದೆ. ಮನೆಯ ಬಾಗಿಲು ಬದಲಾಗಿದೆ, ಹಲವೆಡೆ ಮನೆಯೇ ಇಲ್ಲ. ಕೈ ಮಾತ್ರ ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ದಾಟಿಕೊಂಡು ಬಂದಿದೆ.

ಚಿತ್ರ ನೋಡಿದವರ ಕಣ್ಣು ತೇವವಾಗುತ್ತದೆ. ಆಮೇಲೆ ಏನಾಗುತ್ತದೆ? ಬಹುಪಾಲು ಏನೂ ಆಗುವುದಿಲ್ಲ. ಕಣ್ಣೀರು ಒರೆಸಿಕೊಂಡು ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಕಳೆದುಕೊಂಡದ್ದನ್ನು ನೆನೆಯುವುದು ಮನುಷ್ಯರೆಲ್ಲರ ಸ್ವಭಾವ, ಇದೂ ಅಂಥದ್ದೊಂದು ನೆನಪು ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಆದರೆ ಆ ಕೈಯನ್ನು ಕಾಪಾಡಿಕೊಂಡವರು ಅದನ್ನು ಕಾಪಾಡಿದ್ದು ಇದಕ್ಕಾಗಿಯೇ? ವಲಸೆ ಹೋದವರ ಗಂಟಿನಲ್ಲಿರುವ ಕೈ, ಹಕ್ಕುಪತ್ರ, ಫೋಟೊ, ಕಸೂತಿ ಬಟ್ಟೆ ಇವುಗಳನ್ನು ಸಾಹಿತ್ಯ ಮತ್ತು ಕಲೆ ಹೇಗೆ ಕಂಡಿವೆ, ನಾವು ಓದುಗರು ಹೇಗೆ ಕಾಣುತ್ತಿದ್ದೇವೆ ಎಂಬುದನ್ನು ಒಮ್ಮೆ ಪರಿಶೀಲಿಸಬೇಕಾಗಿದೆ.

ಇದಕ್ಕೆ ಕನ್ನಡದಲ್ಲೇ ಒಂದು ಒಳ್ಳೆಯ ಪದವಿದೆ. ಅರಬ್ಬಿಯ 'ಅಮಾನತ್' ನಮ್ಮಲ್ಲಿಗೆ ಬಂದು 'ಅಮಾನತು' ಆಗಿದೆ. ಮೂಲದಲ್ಲಿ ಅದರ ಅರ್ಥ ನಂಬಿಕೆಯಿಂದ ಒಪ್ಪಿಸಿದ ವಸ್ತು, ಕೇಳಿದಾಗ ಹಿಂದಿರುಗಿಸಬೇಕಾದದ್ದು. ನಮ್ಮ ಸಹಕಾರಿ ಸಂಘಗಳಲ್ಲಿ ಅಮಾನತು ಎಂದರೆ ಠೇವಣಿ. ಸರಕಾರಿ ಕಚೇರಿಗಳಲ್ಲಿ ಅಮಾನತು ಎಂದರೆ ತಡೆಹಿಡಿಯಲ್ಪಟ್ಟದ್ದು, ರದ್ದಾಗದೆ ಹಾಗೆಯೇ ನಿಲ್ಲಿಸಲ್ಪಟ್ಟದ್ದು. ಪ್ಯಾಲೆಸ್ತೀನಿಯರ ಬೀಗದ ಕೈಗೆ ಈ ಎರಡೂ ಅರ್ಥ ಹೊಂದುತ್ತವೆ. ಅದು ಹಿಂದಿನವರು ಮುಂದಿನವರಿಗೆ ಒಪ್ಪಿಸಿದ ಠೇವಣಿ. ಜೊತೆಗೆ, ರದ್ದಾಗದೆ ತಡೆಹಿಡಿಯಲ್ಪಟ್ಟ ಒಂದು ಹಕ್ಕಿನ ಗುರುತು. 1948ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯ ಮಹಾಸಭೆ ಅಂಗೀಕರಿಸಿದ 194ನೇ ನಿರ್ಣಯ, ಮರಳಿ ಹೋಗಿ ನೆರೆಯವರೊಡನೆ ಶಾಂತಿಯಿಂದ ಬಾಳಲು ಬಯಸುವ ನಿರಾಶ್ರಿತರಿಗೆ ಅದಕ್ಕೆ ಅವಕಾಶವಿರಬೇಕು, ಮರಳಲು ಬಯಸದವರ ಆಸ್ತಿಗೆ ಪರಿಹಾರ ಸಿಗಬೇಕು ಎಂದು ಹೇಳಿತು. ಆ ನಿರ್ಣಯ ಇಂದಿಗೂ ಜಾರಿಯಾಗಿಲ್ಲ, ರದ್ದೂ ಆಗಿಲ್ಲ. ಅದೂ ಅಮಾನತಿನಲ್ಲಿದೆ.

ಅಮಾನತನ್ನು ನೆನಪಿನ ಕಾಣಿಕೆಯೆಂದು ತಪ್ಪಾಗಿ ತಿಳಿದರೆ ಏನಾಗುತ್ತದೆ ಎಂಬುದಕ್ಕೆ ಎಡ್ವರ್ಡ್ ಸೈದ್ ಹೇಳುವ ಒಂದು ಪ್ರಸಂಗ ನಿದರ್ಶನ. 1983ರಲ್ಲಿ ಜಿನೀವಾದಲ್ಲಿ ಪ್ಯಾಲೆಸ್ತೀನ್ ಪ್ರಶ್ನೆಯ ಕುರಿತು ವಿಶ್ವಸಂಸ್ಥೆ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಅದರ ಸಲಹೆಗಾರರಾಗಿದ್ದ ಸೈದ್, ಸ್ವಿಸ್ ಛಾಯಾಗ್ರಾಹಕ ಝಾನ್ ಮೋರ್ ತೆಗೆದ ಪ್ಯಾಲೆಸ್ತೀನಿಯರ ಚಿತ್ರಗಳನ್ನು ಸಭಾಭವನದ ಪ್ರವೇಶದಲ್ಲಿ ತೂಗುಹಾಕಲು ಸೂಚಿಸಿದರು. ಚಿತ್ರಗಳಿಗೆ ಅನುಮತಿ ಸಿಕ್ಕಿತು. ಆದರೆ ಅವುಗಳ ಕೆಳಗೆ ಬರಹ ಇರಕೂಡದು ಎಂಬ ಷರತ್ತು ಬಂತು. ಎಲ್ಲಿ ತೆಗೆದದ್ದು ಎಂಬ ಹೆಸರಿನ ಹೊರತು ಬೇರೇನೂ ಬರೆಯುವಂತಿರಲಿಲ್ಲ. ಮುಖ ಇರಬಹುದು, ಮಾತು ಇರಬಾರದು. ಆ ತಡೆಗೆ ಉತ್ತರವಾಗಿ ಹುಟ್ಟಿದ್ದೇ 1986ರಲ್ಲಿ ಇಬ್ಬರೂ ಸೇರಿ ತಂದ 'ಆಫ್ಟರ್ ದಿ ಲಾಸ್ಟ್ ಸ್ಕೈ' ಎಂಬ ಪುಸ್ತಕ. ಅಲ್ಲಿ ಸೈದ್ ಚಿತ್ರಗಳಿಗೆ ಬರೆದದ್ದು ಬರೀ ವಿವರಣೆಯಲ್ಲ. ಈ ಜನ ಯಾರು, ಇವರು ಇಲ್ಲಿಗೆ ಬಂದದ್ದು ಹೇಗೆ, ಇವರ ಮನೆಯೊಳಗೆ ವಸ್ತುಗಳು ಅಷ್ಟು ಒತ್ತೊತ್ತಾಗಿ ಇರುವುದೇಕೆ ಎಂಬ ಪ್ರಶ್ನೆಗಳ ಸರಮಾಲೆ ಅದು.

ನಿರಾಶ್ರಿತರ ವಸ್ತುಗಳನ್ನು ಜಗತ್ತು ನೋಡಲು ಇಷ್ಟಪಡುತ್ತದೆ, ಬರಹವಿಲ್ಲದಿದ್ದರೆ. ಬೀಗದ ಕೈಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮೆಲುದನಿಯ ಬೆಳಕು ಬಿಟ್ಟರೆ ಯಾರಿಗೂ ಆಕ್ಷೇಪವಿಲ್ಲ. ಅದರ ಕೆಳಗೆ ಮನೆಯ ವಿಳಾಸ, ಜಮೀನಿನ ಸಂಖ್ಯೆ, ಈಗ ಅದು ಯಾವ ಕಾನೂನಿನ ಪ್ರಕಾರ ಯಾರ ವಶದಲ್ಲಿದೆ ಎಂಬುದನ್ನು ಬರೆದರೆ ಆಗ ಗದ್ದಲ ಶುರುವಾಗುತ್ತದೆ. ಒಳ್ಳೆಯ ಕೃತಿಯನ್ನೂ ಸಾಧಾರಣ ಕೃತಿಯನ್ನೂ ಬೇರ್ಪಡಿಸುವ ಅಳತೆಗೋಲು ಇದೇ ಎಂದು ನನಗನಿಸುತ್ತದೆ. ಕೃತಿಯು ಆ ವಸ್ತುವಿನ ಕೆಳಗಿನ ಬರಹವನ್ನು ಅಳಿಸುತ್ತದೆಯೋ, ಅಥವಾ ಬರೆಯುತ್ತದೆಯೋ?

ಈ ದೃಷ್ಟಿಯಿಂದ ಘಸ್ಸಾನ್ ಕನಫಾನಿಯ ಎರಡು ಕತೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಕನಫಾನಿ ಹುಟ್ಟಿದ್ದು 1936ರಲ್ಲಿ, ಅಕ್ಕಾದಲ್ಲಿ. ಹನ್ನೆರಡನೇ ವಯಸ್ಸಿನಲ್ಲಿ ಕುಟುಂಬದೊಡನೆ ನಿರಾಶ್ರಿತನಾದವರು. 1972ರ ಜುಲೈ 8ರಂದು ಬೈರೂತ್‌ನಲ್ಲಿ ಕಾರಿಗಿಟ್ಟ ಬಾಂಬಿಗೆ ಬಲಿಯಾದಾಗ ಅವರಿಗೆ ಇನ್ನೂ 36 ವರ್ಷ. ಜೊತೆಗಿದ್ದ ಹದಿಹರೆಯದ ಸೋದರ ಸೊಸೆಯೂ ಸತ್ತಳು.

ಅವರ ಮೊದಲ ದಿನಗಳ ಕತೆ 'ದುಃಖಿ ಕಿತ್ತಳೆಗಳ ನಾಡು'. ಕುಟುಂಬವೊಂದು ಅಕ್ಕಾ ಬಿಟ್ಟು ಲೆಬನಾನ್ ಕಡೆ ಹೊರಟಿದೆ. ಗಡಿಯ ಹತ್ತಿರ ಗಾಡಿ ನಿಂತಾಗ ಹೆಂಗಸರು ಇಳಿದು ಕಿತ್ತಳೆ ಕೊಳ್ಳುತ್ತಾರೆ. ಆ ಹಣ್ಣನ್ನು ನೋಡುತ್ತ ಮನೆಯ ಯಜಮಾನ ಮಗುವಿನಂತೆ ಅಳುತ್ತಾನೆ. ದಿನ ಕಳೆದಂತೆ ಮನೆತನ ಕುಸಿಯುತ್ತದೆ, ತಂದೆಯ ಬುದ್ಧಿ ಕದಡುತ್ತದೆ. ಕೊನೆಗೆ ಅವನ ಹಾಸಿಗೆಯ ಪಕ್ಕದಲ್ಲಿ ಒಂದು ಪಿಸ್ತೂಲು, ಅದರ ಪಕ್ಕದಲ್ಲಿ ಒಣಗಿ ಸುರುಟಿದ ಒಂದು ಕಿತ್ತಳೆ. ಇಲ್ಲಿ ನಾಡಿನಿಂದ ತಂದ ವಸ್ತು ಒಣಗಿಹೋಗುತ್ತದೆ. ಬೀಗದ ಕೈಯಂತೆ ಅದನ್ನು ತಲೆಮಾರುಗಳ ತನಕ ಇಟ್ಟುಕೊಳ್ಳಲು ಬರುವುದಿಲ್ಲ. ಬರೀ ನೆನಪನ್ನೇ ನೆಚ್ಚಿದರೆ ಅದು ಕೊಳೆಯುತ್ತದೆ, ನೆಚ್ಚಿದವನನ್ನೂ ಕೊಳೆಸುತ್ತದೆ ಎಂಬ ಸೂಚನೆ ಕತೆಯಲ್ಲಿದೆ.

1969ರಲ್ಲಿ ಬಂದ 'ಹೈಫಾಗೆ ಮರಳಿದವನು' ಎಂಬ ಕಿರುಕಾದಂಬರಿ ಇನ್ನೂ ಮುಂದೆ ಹೋಗುತ್ತದೆ. 1948ರ ಏಪ್ರಿಲ್‌ನಲ್ಲಿ ಹೈಫಾ ನಗರ ಬೀಳುವ ದಿನ, ಓಡುವ ಜನರ ನೂಕುನುಗ್ಗಲಿನಲ್ಲಿ ಸಯೀದ್ ಮತ್ತು ಸಫಿಯ್ಯಾ ದಂಪತಿಯ ಐದು ತಿಂಗಳ ಕೂಸು ಮನೆಯಲ್ಲೇ ಉಳಿದುಬಿಡುತ್ತದೆ. 1967ರ ಯುದ್ಧದ ನಂತರ ಗಡಿ ತೆರೆದಾಗ, ಇಪ್ಪತ್ತು ವರ್ಷಗಳ ಮೇಲೆ, ಅವರು ರಮಲ್ಲಾದಿಂದ ಆ ಮನೆ ನೋಡಲು ಬರುತ್ತಾರೆ. ತಮ್ಮದೇ ಮನೆಯ ಬಾಗಿಲಲ್ಲಿ ನಿಂತು ಕರೆಗಂಟೆ ಒತ್ತಬೇಕಾಗುತ್ತದೆ. ಗಂಟೆಯೂ ಬೇರೆ, ಹೆಸರಿನ ಫಲಕವೂ ಬೇರೆ. ಒಳಗಿರುವುದು ಪೋಲೆಂಡಿನಿಂದ ಬಂದ ಮಿರಿಯಮ್. ಆಕೆಯೂ ತಂದೆಯನ್ನು ಆಶ್ವಿಟ್ಜ್‌ನಲ್ಲಿ ಕಳೆದುಕೊಂಡವಳೇ. ಕೂಸನ್ನು ಆಕೆಯೇ ಸಾಕಿದ್ದಾಳೆ. ಅವನೀಗ ಇಸ್ರೇಲಿ ಸೈನಿಕ.

ಈ ಕಾದಂಬರಿಯ ಬಗ್ಗೆ ಬರೆದವರು ಹೆಚ್ಚಾಗಿ ಮಗನ ಪ್ರಶ್ನೆಯನ್ನೇ ಎತ್ತಿಕೊಳ್ಳುತ್ತಾರೆ. ನನಗೆ ಮುಖ್ಯವೆನಿಸುವುದು ಅದರಲ್ಲಿರುವ ಎರಡು ಸಣ್ಣ ವಸ್ತುಗಳು. ಒಂದು, ಹೂದಾನಿಯಲ್ಲಿದ್ದ ನವಿಲುಗರಿಗಳು. ಸಯೀದ್ ಎಣಿಸುತ್ತಾನೆ. ಏಳಿದ್ದದ್ದು ಈಗ ಐದಿವೆ. ಇನ್ನೆರಡು ಎಲ್ಲಿ ಎಂದು ಕೇಳುತ್ತಾನೆ. ಅದು ಮರುಳುತನದ ಪ್ರಶ್ನೆಯೆಂದು ಅವನಿಗೂ ಗೊತ್ತು. ಮಗನನ್ನೂ ಮನೆಯನ್ನೂ ಕಳೆದುಕೊಂಡವನು ಗರಿಯ ಲೆಕ್ಕ ಕೇಳುತ್ತಿದ್ದಾನೆ! ಆದರೆ ಲೆಕ್ಕ ಕೇಳುವ ಅಧಿಕಾರ ಯಾರಿಗಿರುತ್ತದೆ? ಒಡೆಯನಿಗೆ. ಸಯೀದ್ ಇಡೀ ಕಾದಂಬರಿಯಲ್ಲಿ ಒಡೆಯನಂತೆ ಮಾತಾಡುವುದು ಆ ಒಂದು ಕ್ಷಣದಲ್ಲಿ.

ಇನ್ನೊಂದು, ಕಾದಂಬರಿಯೊಳಗೆ ಬರುವ ಉಪಕತೆಯ ಫೋಟೊ. ಫಾರಿಸ್ ಎಂಬವನು ಯಾಫಾದ ತನ್ನ ಹಳೆಯ ಮನೆಗೆ ಹೋಗುತ್ತಾನೆ. ಅಲ್ಲಿ ಈಗ ವಾಸಿಸುತ್ತಿರುವುದು ಊರು ಬಿಡದೆ ಉಳಿದ ಒಬ್ಬ ಅರಬ್. ಹೋರಾಟದಲ್ಲಿ ಮಡಿದ ಫಾರಿಸ್‌ನ ಅಣ್ಣ ಬದ್ರ್‌ನ ಫೋಟೊ ಗೋಡೆಯ ಮೇಲೆ ಇಪ್ಪತ್ತು ವರ್ಷ ಹಾಗೆಯೇ ಇದೆ. ಆ ಮನೆಯವರು ತಮ್ಮ ಮಗನಿಗೂ ಬದ್ರ್ ಎಂದೇ ಹೆಸರಿಟ್ಟಿದ್ದಾರೆ. ಫಾರಿಸ್ ಫೋಟೊ ಕೇಳುತ್ತಾನೆ, ಆತ ಕೊಡುತ್ತಾನೆ. ಅರ್ಧ ದಾರಿಗೆ ಬಂದ ಫಾರಿಸ್‌ಗೆ ಈ ಫೋಟೊದ ಮೇಲೆ ತನಗೆ ಹಕ್ಕಿಲ್ಲವೆನಿಸುತ್ತದೆ. ಹಿಂದಕ್ಕೆ ಹೋಗಿ ಕೊಟ್ಟುಬಿಡುತ್ತಾನೆ. ಫೋಟೊ ತೆಗೆದಾಗ ಗೋಡೆಯಲ್ಲಿ ಉಳಿದ ಖಾಲಿ ಜಾಗವನ್ನು ಕಂಡು ತನ್ನ ಮನೆ ಕಂಗೆಟ್ಟ ಬಗೆಯನ್ನು ಆ ಮನುಷ್ಯ ಹೇಳುತ್ತಾನೆ. ಬದ್ರ್ ಬೇಕೆಂದರೆ ಮನೆಯನ್ನೂ ಯಾಫಾವನ್ನೂ ನಮ್ಮನ್ನೂ ಸೇರಿಸಿ ಪಡೆಯಬೇಕಿತ್ತು ಎಂಬುದು ಅವನ ಮಾತಿನ ತಾತ್ಪರ್ಯ.

ನೆನಪಿನ ವಸ್ತುಗಳ ಕುರಿತು ಇದಕ್ಕಿಂತ ಕಠಿಣವಾದ ವಿಮರ್ಶೆಯನ್ನು ನಾನು ಓದಿಲ್ಲ. ಬರಿಯ ಕಾಣಿಕೆಯಾಗಿದ್ದರೆ ಫೋಟೊ ರಮಲ್ಲಾದಲ್ಲಿದ್ದರೂ ಒಂದೇ, ಯಾಫಾದಲ್ಲಿದ್ದರೂ ಒಂದೇ. ಅದು ಅಮಾನತಾಗಿರುವುದರಿಂದಲೇ ಇರಬೇಕಾದ ಗೋಡೆಯ ಮೇಲೆ ಇರಬೇಕು. ಕನಫಾನಿಯ ಉತ್ತರ ಬಂದೂಕಿನ ಕಡೆ ತಿರುಗುತ್ತದೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಫೋಟೊ ಹಿಂದಿರುಗಿಸಿದ ಫಾರಿಸ್ ಶಸ್ತ್ರ ಹಿಡಿಯುತ್ತಾನೆ. ಆ ದಾರಿಯನ್ನು ಒಪ್ಪದ ಓದುಗರೂ ಅವರು ಎತ್ತಿದ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು.

ಕತೆಗಳಿಂದ ಕಾಗದಪತ್ರಗಳಿಗೆ ಬರೋಣ. ಬೀಗದ ಕೈಯ ಜೊತೆಗೇ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಬಂದ ಇನ್ನೊಂದು ವಸ್ತು 'ಕೂಶಾನ್', ಅಂದರೆ ಆಸ್ತಿಯ ಹಕ್ಕುಪತ್ರ. ತುರ್ಕರ ಆಳ್ವಿಕೆಯಿಂದ ಬಂದ ಹೆಸರು ಅದು. ಇದನ್ನು ಯಾವ ಕಚೇರಿಗೆ ಒಯ್ಯಬೇಕು? 1950ರಲ್ಲಿ ಇಸ್ರೇಲ್ 'ಗೈರುಹಾಜರಾದವರ ಆಸ್ತಿ ಕಾನೂನು' ಮಾಡಿತು. ಊರು ಬಿಟ್ಟವರ ಮನೆ, ಜಮೀನು, ಬ್ಯಾಂಕ್ ಹಣ ಎಲ್ಲವೂ ಒಬ್ಬ ಕಸ್ಟೋಡಿಯನ್ ವಶಕ್ಕೆ ಹೋಯಿತು. ದೇಶದೊಳಗೇ ಪಕ್ಕದ ಹಳ್ಳಿಯಲ್ಲಿದ್ದವರೂ ಇದರ ಹಿಡಿತಕ್ಕೆ ಸಿಕ್ಕರು. ಹಾಜರಿದ್ದೂ ಗೈರುಹಾಜರಾದವರು ಎಂಬ ವಿಚಿತ್ರ ವರ್ಗವೊಂದು ಹುಟ್ಟಿತು. ವಿಶ್ವಸಂಸ್ಥೆಯ ಸಂಧಾನ ಆಯೋಗ ಅರಬ್ ಆಸ್ತಿಗಳ ಪಟ್ಟಿ ಮಾಡುವ ಕೆಲಸವನ್ನು 1964ರಲ್ಲಿ ಮುಗಿಸಿತು. ಸುಮಾರು ನಾಲ್ಕೂವರೆ ಲಕ್ಷ ದಾಖಲೆಗಳು ತಯಾರಾದವು. ಅವು ಸೇರಿದ್ದು ವಿಶ್ವಸಂಸ್ಥೆಯ ಕಪಾಟನ್ನು.

ನಮ್ಮ ದೇಶ ವಿಭಜನೆಯ ಅನುಭವವನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಲಾಹೋರಿನಿಂದ ತಂದ ಒಂದು ಕೊಡ, ಬಟ್ಟೆ ಅಳೆಯುವ ಒಂದು ಗಜದ ಕೋಲು ಇವುಗಳಿಂದ ಆರಂಭಿಸಿ, ಗಡಿ ದಾಟಿದವರ ವಸ್ತುಗಳ ಕುರಿತು ಆಂಚಲ್ ಮಲ್ಹೋತ್ರಾ 2017ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಅದೇ ವರ್ಷ ಅಮೃತಸರದಲ್ಲಿ ವಿಭಜನೆಯ ವಸ್ತುಸಂಗ್ರಹಾಲಯ ತೆರೆಯಿತು. ಅಲ್ಲಿನ ವಸ್ತುಗಳು ನೆನಪಾಗಿ ಉಳಿಯಲು ಸಾಧ್ಯವಾದದ್ದು ಹೇಗೆ? ಕಾಗದಗಳಿಗೆ ಒಂದು ಕಚೇರಿ ಇತ್ತು. ಪಾಕಿಸ್ತಾನದಲ್ಲಿ ಆಸ್ತಿ ಬಿಟ್ಟು ಬಂದವರ ಹಕ್ಕುಗಳನ್ನು ಪರಿಶೀಲಿಸಲು 1950ರಲ್ಲಿ, ಪರಿಹಾರ ಕೊಡಲು 1954ರಲ್ಲಿ ಭಾರತ ಕಾನೂನು ಮಾಡಿತು. ಕೊಟ್ಟದ್ದು ಸಾಕಾಯಿತೇ ಎಂಬುದು ಬೇರೆ ಮಾತು. ಆದರೆ ಕಾಗದ ತೆಗೆದುಕೊಳ್ಳುವ ಒಂದು ಕಿಟಕಿ ಇತ್ತು, ಬಂದವರಿಗೆ ಪೌರತ್ವವಿತ್ತು. ಹಕ್ಕಿನ ಪ್ರಶ್ನೆ ಅಷ್ಟರಮಟ್ಟಿಗೆ ಇತ್ಯರ್ಥವಾದ ಮೇಲೆ ಕೊಡವೂ ಗಜದ ಕೋಲೂ ನಿರಾಳವಾಗಿ ನೆನಪಾದವು. ಪ್ಯಾಲೆಸ್ತೀನಿಯರ ಕೈ ನೆನಪಾಗಲು ಒಪ್ಪದಿರುವುದಕ್ಕೆ ಕಾರಣ ಅವರ ಭಾವುಕತೆಯಲ್ಲ. ಆ ಕಿಟಕಿ ತೆರೆದೇ ಇಲ್ಲ.

ನಮ್ಮ ಕತೆಗೂ ಇನ್ನೊಂದು ಮುಖವಿದೆ. ಕಸ್ಟೋಡಿಯನ್ ಎಂಬ ಅಧಿಕಾರಿ ಭಾರತದಲ್ಲೂ ಪಾಕಿಸ್ತಾನದಲ್ಲೂ ಇದ್ದ. ದೇಶ ಬಿಡದೆ ಇಲ್ಲೇ ಉಳಿದ ಎಷ್ಟೋ ಮುಸ್ಲಿಮರ ಮನೆಗಳು 'ಇವ್ಯಾಕ್ಯುಯಿ' ಆಸ್ತಿಯಾದವು. ದಿಲ್ಲಿಯ ಮಟ್ಟಿಗೆ ಅದರ ವಿವರಗಳನ್ನು ವಝೀರಾ ಝಮೀಂದಾರ್ 2007ರ ತಮ್ಮ ಅಧ್ಯಯನದಲ್ಲಿ ಕೊಟ್ಟಿದ್ದಾರೆ. ಮೈಸೂರಿನವರಾದ ಎಂ. ಎಸ್. ಸತ್ಯು ನಿರ್ದೇಶಿಸಿದ 'ಗರ್ಮ್ ಹವಾ' ಚಿತ್ರ ನಿಂತಿರುವುದೇ ಈ ಕಾಗದದ ಮೇಲೆ. ಆಗ್ರಾದ ಹವೇಲಿ ಅಣ್ಣನ ಹೆಸರಿನಲ್ಲಿದೆ. ಅಣ್ಣ ಪಾಕಿಸ್ತಾನಕ್ಕೆ ಹೋದ. ಇಲ್ಲೇ ಉಳಿದ ತಮ್ಮ ಸಲೀಂ ಮಿರ್ಜಾ ಮನೆ ಕಳೆದುಕೊಂಡ. ಮನೆ ಬಿಡಲೊಪ್ಪದ ಮುದುಕಿ ತಾಯಿ ಸೌದೆಯ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಕೊನೆಯುಸಿರೆಳೆಯಲು ಆಕೆಯನ್ನು ಆ ಹವೇಲಿಗೇ ಹೊತ್ತು ತರುತ್ತಾರೆ. ಆಕೆಯ ಕೈಯಲ್ಲಿ ಕೀಲಿಯೂ ಇಲ್ಲ, ಕಾಗದವೂ ಇಲ್ಲ. ಆ ಮನೆಯ ಹಕ್ಕಿನ ಕುರಿತು ಯಾರೂ ಆಕೆಯನ್ನು ಕೇಳಿಲ್ಲ. ಸತ್ಯು ಕಣ್ಣೀರನ್ನು ತಡೆಯುವುದಿಲ್ಲ, ಆದರೆ ಅದಕ್ಕೆ ಕಾರಣವಾದ ಕಾನೂನನ್ನು ಕಣ್ಣ ಮುಂದೆ ಇಟ್ಟೇ ಅಳಿಸುತ್ತಾರೆ.

ಆ ಮುದುಕಿ ಇನ್ನೊಂದು ಪ್ರಶ್ನೆಗೆ ದಾರಿ ಮಾಡುತ್ತಾಳೆ. ಕೈ ಮತ್ತು ಹಕ್ಕುಪತ್ರಗಳ ಬಗ್ಗೆ ನಾವು ಇಷ್ಟೆಲ್ಲ ಮಾತಾಡುವಾಗ, ಅವೆರಡೂ ಇಲ್ಲದವರು ಏನನ್ನು ಹೊತ್ತು ತಂದರು?

ಪ್ಯಾಲೆಸ್ತೀನಿನ ಅನೇಕ ಹಳ್ಳಿಗಳಲ್ಲಿ ಜಮೀನು 'ಮುಶಾ' ಪದ್ಧತಿಯಲ್ಲಿತ್ತು. ಅಂದರೆ ಹೊಲ ಊರಿನವರೆಲ್ಲರ ಪಾಲುದಾರಿಕೆಯದು, ಕೆಲವು ವರ್ಷಗಳಿಗೊಮ್ಮೆ ಉಳುಮೆಗೆ ಮರುಹಂಚಿಕೆ. 1858ರ ಒಟ್ಟೋಮನ್ ಭೂಕಾನೂನಿನ ನಂತರವೂ ತೆರಿಗೆಗೆ, ಸೈನ್ಯದ ಭರ್ತಿಗೆ ಹೆದರಿ ರೈತರು ತಮ್ಮ ಹೆಸರು ದಾಖಲಿಸಲು ಹಿಂಜರಿದರು. ಬ್ರಿಟಿಷರು 1928ರಲ್ಲಿ ಶುರುಮಾಡಿದ ಭೂಮಿಯ ಇತ್ಯರ್ಥ ಕಾರ್ಯ 1948ರ ಹೊತ್ತಿಗೂ ಗುಡ್ಡಗಾಡಿನ ಹಳ್ಳಿಗಳನ್ನು ಬಹುಮಟ್ಟಿಗೆ ಮುಟ್ಟಿರಲಿಲ್ಲ. ಹೀಗಾಗಿ ತಲೆತಲಾಂತರದಿಂದ ಉತ್ತವರ ಕೈಯಲ್ಲಿ ಹೆಚ್ಚೆಂದರೆ ಒಂದು ತೆರಿಗೆ ರಸೀದಿ ಇರುತ್ತಿತ್ತು. ಗೇಣಿಗೆ ದುಡಿದವರ ಬಳಿ, ಕೂಲಿಯವರ ಬಳಿ ಅದೂ ಇಲ್ಲ. ಕಾಗದವೇ ಹಕ್ಕಿಗೆ ಆಧಾರವಾದರೆ, ಇವರು ಎರಡು ಸಲ ನಿರಾಶ್ರಿತರು.

ಗಾದಾ ಕರ್ಮಿ 2002ರಲ್ಲಿ ಪ್ರಕಟಿಸಿದ ಆತ್ಮಕಥನಕ್ಕೆ 'ಫಾತಿಮಾಳನ್ನು ಹುಡುಕುತ್ತ' ಎಂದು ಹೆಸರಿಟ್ಟಿರುವುದು ಅದಕ್ಕಾಗಿಯೇ ಮಹತ್ವದ್ದು. ಕರ್ಮಿಯವರದು ಜೆರುಸಲೇಮಿನ ಕತಮೋನ್ ಬಡಾವಣೆಯ ಓದುಬರಹದ ಮನೆತನ. 1948ರ ಏಪ್ರಿಲ್‌ನಲ್ಲಿ ಊರು ಬಿಟ್ಟು, ಕೊನೆಗೆ ಲಂಡನ್ ಸೇರಿದವರು. ಫಾತಿಮಾ ಅವರ ಮನೆಯಲ್ಲಿ ಕೆಲಸಕ್ಕಿದ್ದ, ಪಕ್ಕದ ಅಲ್-ಮಾಲಿಹಾ ಹಳ್ಳಿಯ ರೈತ ಹೆಂಗಸು. ಮಕ್ಕಳನ್ನು ಎತ್ತಿ ಆಡಿಸಿದವಳು. ಕೆಲವೇ ತಿಂಗಳಲ್ಲಿ ಆ ಹಳ್ಳಿಯೂ ಬರಿದಾಯಿತು. ಆಕೆ ಏನಾದಳೆಂದು ಕುಟುಂಬಕ್ಕೆ ತಿಳಿಯಲೇ ಇಲ್ಲ. ಮಧ್ಯಮವರ್ಗದವರ ವನವಾಸ ಪುಸ್ತಕವಾಗುತ್ತದೆ, ಪತ್ರವಾಗುತ್ತದೆ, ಫೋಟೊ ಆಲ್ಬಮ್ ಆಗುತ್ತದೆ. ಫಾತಿಮಾಳ ವನವಾಸಕ್ಕೆ ಅಂಥ ಗುರುತು ಉಳಿದಿಲ್ಲ. ತಮ್ಮದೇ ಬದುಕಿನ ಕತೆಗೆ ಆಕೆಯ ಹೆಸರಿಡುವ ಮೂಲಕ ಕರ್ಮಿ ಆ ಖಾಲಿ ಜಾಗವನ್ನು ಖಾಲಿಯೆಂದೇ ತೋರಿಸಿದರು. ಕನಫಾನಿಯ ಗೋಡೆಯ ಚೌಕದಂತೆ.

ಹಾಗೆಂದು ಫಾತಿಮಾಳಂಥವರು ಬರಿಗೈಯಲ್ಲಿ ಹೋದರೆಂದಲ್ಲ. ಅವರ ಮೈಮೇಲಿದ್ದ 'ಥೋಬ್' ಎಂಬ ನಿಲುವಂಗಿಯ ಕಸೂತಿಯೇ ಒಂದು ದಾಖಲೆ. ಎದೆಯ ಮೇಲಿನ ಚಿತ್ತಾರ, ದಾರದ ಬಣ್ಣ, ಹೊಲಿಗೆಯ ಬಗೆ ನೋಡಿ ತಿಳಿದವರು ಯಾವ ಸೀಮೆಯವಳೆಂದು ಹೇಳಬಲ್ಲವರಾಗಿದ್ದರು. ಹಳ್ಳಿ ಅಳಿದ ಮೇಲೂ ಶಿಬಿರದ ಹೆಂಗಸರು ಹೊಲಿಗೆ ಬಿಡಲಿಲ್ಲ. ಈ ಕಸೂತಿ 2021ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿತು. ಇದರ ಪಕ್ಕದಲ್ಲಿ ನಿರಾಶ್ರಿತರ ಕಾರ್ಡನ್ನು ಇಟ್ಟು ನೋಡಿ. 1950ರಲ್ಲಿ ಕೆಲಸ ಆರಂಭಿಸಿದ ವಿಶ್ವಸಂಸ್ಥೆಯ ಪರಿಹಾರ ಸಂಸ್ಥೆ 'ಉನ್ರ್ವಾ' ಕುಟುಂಬಗಳನ್ನು ನೋಂದಾಯಿಸಿತು. ಅದರ ನಿಯಮದಲ್ಲಿ ನಿರಾಶ್ರಿತನೆಂಬ ಸ್ಥಾನ ತಂದೆಯ ಮೂಲಕ ಇಳಿಯುತ್ತದೆ. ನಿರಾಶ್ರಿತಳಲ್ಲದವನನ್ನು ಮದುವೆಯಾದ ನಿರಾಶ್ರಿತ ಹೆಣ್ಣಿನ ಮಕ್ಕಳಿಗೆ ಆ ಸ್ಥಾನವಿಲ್ಲ. ಕಾಗದ ಗಂಡಿನ ದಾರಿಯಲ್ಲಿ ಬಂತು, ಕೈಯನ್ನೂ ಕಸೂತಿಯನ್ನೂ ಊರಿನ ಹಾಡನ್ನೂ ಕಾಪಾಡಿದವರಲ್ಲಿ ಹೆಣ್ಣುಮಕ್ಕಳದೇ ಹೆಚ್ಚಿನ ಪಾಲು. ಊರಿನ ನೆನಪನ್ನು ಬರೆದಿಡುವ 'ಗ್ರಾಮಪುಸ್ತಕ'ಗಳು ನೂರಕ್ಕೂ ಹೆಚ್ಚು ಬಂದಿವೆ. ಮನೆಗಳ ನಕ್ಷೆ, ಬಾವಿಗಳ ಹೆಸರು, ವಂಶಾವಳಿ ಎಲ್ಲ ಅವುಗಳಲ್ಲಿವೆ. ಬೆಲೆಕಟ್ಟಲಾಗದ ಕೆಲಸ. ಆದರೆ ಬರೆದವರು ಬಹುಪಾಲು ಗಂಡಸರೇ ಆದ್ದರಿಂದ ಅನೇಕ ವಂಶವೃಕ್ಷಗಳಲ್ಲಿ ಹೆಣ್ಣಿನ ಹೆಸರಿಲ್ಲ. ಅಮಾನತನ್ನು ಕಾಯ್ದವರ ಹೆಸರೇ ಅಮಾನತಿನ ಪಟ್ಟಿಯಲ್ಲಿ ಇಲ್ಲವೆಂದರೆ ಅದನ್ನು ಹೊರಗಿನವರ ತಲೆಗೆ ಕಟ್ಟುವಂತಿಲ್ಲ.

ಇನ್ನು ಕಲಾವಿದರ ಮಾತು. ಬೆತ್ಲೆಹೆಮಿನ ಐದಾ ಶಿಬಿರದ ಹೆಬ್ಬಾಗಿಲ ಮೇಲೆ 2008ರಲ್ಲಿ ಒಂದು ಭಾರೀ ಕಬ್ಬಿಣದ ಕೈ ಬಂತು. ಶಿಬಿರದವರೇ ಮಾಡಿ ನಿಲ್ಲಿಸಿದ್ದು. 2012ರಲ್ಲಿ ಅದು ಬರ್ಲಿನ್ನಿನ ಕಲಾಪ್ರದರ್ಶನಕ್ಕೂ ಹೋಗಿಬಂತು. ಶಿಬಿರದ ಬಾಗಿಲಲ್ಲಿ ಅದಕ್ಕೆ ಅರ್ಥವಿದೆ. ಅದರ ಕೆಳಗೆ ದಿನವೂ ನಡೆದಾಡುವವರೇ ಅದರ ಬರಹ. ಆದರೆ ಗಾತ್ರ ಹಿಗ್ಗಿದಷ್ಟೂ ಕೈ ಯಾವ ಮನೆಯದೂ ಅಲ್ಲದ್ದಾಗುತ್ತದೆ. ಪುಟಾಣಿ ಕೈಗಳು ಅಂಗಡಿಗಳಲ್ಲಿ ಲಾಕೆಟ್ಟಾಗಿ, ಕೀಚೈನಾಗಿ ಮಾರಾಟಕ್ಕಿವೆ. ಲಾಂಛನವಾದ ವಸ್ತು ಯಾವ ಬೀಗಕ್ಕೂ ಹೊಂದುವುದಿಲ್ಲ ಎಂಬುದೇ ಅದರ ಕಷ್ಟ.

ಇದಕ್ಕೆ ಹೋಲಿಸಿದರೆ ಎಮಿಲಿ ಜಾಸಿರ್ ಹಿಡಿದ ದಾರಿ ಹೆಚ್ಚು ಗಟ್ಟಿಯಾದದ್ದು. 2001ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಒಂದು ನಿರಾಶ್ರಿತರ ಡೇರೆ ತೆಗೆದುಕೊಂಡು ಅದರ ಮೇಲೆ 1948ರಲ್ಲಿ ಅಳಿದ 418 ಹಳ್ಳಿಗಳ ಹೆಸರನ್ನು ಕಪ್ಪು ದಾರದಲ್ಲಿ ಹೊಲಿಯಲು ಕುಳಿತರು. ನೂರಕ್ಕೂ ಹೆಚ್ಚು ಜನ ಬಂದು ಸೂಜಿ ಹಿಡಿದರು. ಅವರಲ್ಲಿ ಆ ಹಳ್ಳಿಗಳ ಮಕ್ಕಳಿದ್ದರು, ಇಸ್ರೇಲಿಗಳೂ ಇದ್ದರು. ಆ ಪಟ್ಟಿ ಚರಿತ್ರೆಕಾರ ವಲೀದ್ ಖಾಲಿದಿ 1992ರಲ್ಲಿ ಸಂಪಾದಿಸಿದ ಗ್ರಂಥದ್ದು. ಡೇರೆ, ಕಸೂತಿ, ಪಟ್ಟಿ ಮೂರೂ ಒಂದಾದವು. ಇಲ್ಲಿ ಬರಹವೇ ಕಲೆ.

ಅವರ ಇನ್ನೊಂದು ಕೃತಿ 'ಎಕ್ಸ್ ಲಿಬ್ರಿಸ್' 2012ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಪ್ರದರ್ಶನಗೊಂಡಿತು. ಅದರ ಹಿಂದಿನ ಸಂಗತಿ ಹೀಗಿದೆ. 1948ರಲ್ಲಿ ಪಶ್ಚಿಮ ಜೆರುಸಲೇಮಿನ ಅರಬ್ ಮನೆಗಳಿಂದ ಸುಮಾರು 30,000 ಪುಸ್ತಕಗಳನ್ನು ಸಂಗ್ರಹಿಸಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಯ್ಯಲಾಯಿತು. ಅವುಗಳಲ್ಲಿ ಸುಮಾರು 6,000 ಪುಸ್ತಕಗಳ ಮೇಲೆ 'ಎಪಿ' ಎಂಬ ಗುರುತು ಇದೆ, 'ಅಬಾಂಡನ್ಡ್ ಪ್ರಾಪರ್ಟಿ', ಅಂದರೆ ಬಿಟ್ಟುಹೋದ ಸ್ವತ್ತು. ಶಿಕ್ಷಣತಜ್ಞ ಖಲೀಲ್ ಸಕಾಕಿನಿಯವರ ಗ್ರಂಥಭಂಡಾರವೂ ಹಾಗೆ ಹೋದದ್ದೇ. ಅವರು 1953ರಲ್ಲಿ ಕೈರೋದಲ್ಲಿ ತೀರಿಕೊಂಡರು. ಜಾಸಿರ್ ಆ ಗ್ರಂಥಾಲಯಕ್ಕೆ ಹಲವು ಸಲ ಹೋಗಿ, ಎಪಿ ಪುಸ್ತಕಗಳನ್ನು ತರಿಸಿ, ಒಳಪುಟಗಳ ಸಹಿ, ಅಂಚಿನ ಟಿಪ್ಪಣಿ, ಹೆಸರುಗಳನ್ನು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆದರು. ಇಲ್ಲಿ ವನವಾಸಿಗಳು ಹೊತ್ತು ತಂದ ವಸ್ತು ಇಲ್ಲ, ಹೊತ್ತು ತರಲಾಗದ ವಸ್ತು ಇದೆ. 'ಬಿಟ್ಟುಹೋದ' ಎಂಬ ಆ ಎರಡಕ್ಷರದ ಗುರುತು ಸುಳ್ಳೆಂದು ಸಾಬೀತು ಮಾಡಲು ಪುಸ್ತಕದೊಳಗಿನ ಸಹಿಯೊಂದೇ ಸಾಕು. ಹೆಸರು ಬರೆದಿಟ್ಟುಕೊಂಡವರು ಬಿಟ್ಟುಹೋಗುವವರಲ್ಲ.

ಕಾಗದಕ್ಕೆ ಇರುವ ಬೆಲೆಯನ್ನು ಎದುರಾಳಿಗಳೂ ಬಲ್ಲರು. 1982ರಲ್ಲಿ ಇಸ್ರೇಲಿ ಸೈನ್ಯ ಬೈರೂತ್‌ಗೆ ನುಗ್ಗಿದಾಗ ಅಲ್ಲಿನ ಪ್ಯಾಲೆಸ್ತೀನ್ ಸಂಶೋಧನ ಕೇಂದ್ರದ ದಾಖಲೆಗಳನ್ನು ಹೊತ್ತೊಯ್ಯಿತು. ಮರುವರ್ಷ ಕೈದಿಗಳ ವಿನಿಮಯದ ಒಪ್ಪಂದದಲ್ಲಿ ಮನುಷ್ಯರ ಜೊತೆ ಆ ಕಡತಗಳೂ ಬಿಡುಗಡೆಯಾಗಿ ಆಲ್ಜೀರಿಯಾಕ್ಕೆ ಹೋದವು. ಕಡತವನ್ನು ಕೈದಿಯಂತೆ ಹಿಡಿಯುವುದು, ಕೈದಿಯಂತೆ ಬಿಡಿಸಿಕೊಳ್ಳುವುದು! ಆ ಕಡತಗಳಲ್ಲಿ ಏನಿತ್ತೆಂದು ಎರಡೂ ಕಡೆಯವರಿಗೆ ಗೊತ್ತಿತ್ತು.

2023ರ ಅಕ್ಟೋಬರ್ ನಂತರದ ಗಾಜಾದ ಚಿತ್ರಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಗಾಜಾದ ಜನರಲ್ಲಿ ಮೂರರಲ್ಲಿ ಎರಡು ಪಾಲು 1948ರ ನಿರಾಶ್ರಿತರೇ, ಅವರ ಮಕ್ಕಳು ಮೊಮ್ಮಕ್ಕಳೇ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಅಲ್ಲಿ ಸುಮಾರು 19 ಲಕ್ಷ ಜನ ಮತ್ತೆ ಮನೆ ಬಿಟ್ಟು ಹೊರಡಬೇಕಾಯಿತು. ಒಂದು ಸಲವಲ್ಲ, ಹಲವರು ಹತ್ತು ಸಲ. ಆ ನವೆಂಬರಿನಲ್ಲಿ ನಗರದ ಕೇಂದ್ರ ದಾಖಲಾಗಾರ ಸುಟ್ಟುಹೋಯಿತೆಂದು ಗಾಜಾ ನಗರಸಭೆ ತಿಳಿಸಿತು. ನಡೆದು ಹೋಗುವ ಜನರ ಹೆಗಲಲ್ಲಿ ಒಂದು ಚೀಲ ಕಾಣುತ್ತದೆ. ಅದರಲ್ಲಿ ಗುರುತಿನ ಚೀಟಿ, ಜನನ ಪತ್ರ, ಮಕ್ಕಳ ಅಂಕಪಟ್ಟಿ, ಮನೆಯ ಕಾಗದ, ಉನ್ರ್ವಾ ಕಾರ್ಡು. ಈ ಬಾರಿ ಬಹಳ ಜನಕ್ಕೆ ಬೀಗ ಹಾಕಲು ಬಾಗಿಲೇ ಉಳಿಯಲಿಲ್ಲ. ಬೀಗದ ಕೈಯ ಲಾಂಛನ ಮುಂದಿನ ತಲೆಮಾರಿಗೆ ಹೀಗೆಯೇ ಉಳಿಯುತ್ತದೆಯೋ ಇಲ್ಲವೋ, ಆ ಪ್ಲಾಸ್ಟಿಕ್ ಚೀಲದ ಕಾಗದಗಳಂತೂ ಉಳಿಯಬೇಕು.

ಕನ್ನಡದಲ್ಲಿ ಪ್ಯಾಲೆಸ್ತೀನಿನ ಕವಿತೆಗಳು ಆಗಾಗ ಅನುವಾದವಾಗಿವೆ. ಅದು ಸಂತೋಷದ ಸಂಗತಿ. ಆದರೆ ನಾವು ಆರಿಸಿಕೊಳ್ಳುವುದು ಹೆಚ್ಚಾಗಿ ಆಲಿವ್ ಮರ, ತಾಯಿಯ ರೊಟ್ಟಿ, ಬೀಗದ ಕೈಗಳಿರುವ ಕವಿತೆಗಳನ್ನು. ಅವುಗಳ ಜೊತೆಗೆ ಗ್ರಾಮಪುಸ್ತಕಗಳ ಪುಟಗಳು, ಶಿಬಿರದ ಹೆಂಗಸರ ಹೇಳಿಕೆಗಳು, ಒಂದು ಹಕ್ಕುಪತ್ರದ ಒಕ್ಕಣೆ, 1950ರ ಆ ಕಾನೂನಿನ ಕಲಮುಗಳು ಕೂಡ ಕನ್ನಡಕ್ಕೆ ಬರಲಿ. ಜಮೀನಿನ ವ್ಯಾಜ್ಯಕ್ಕೆ ಪಹಣಿ ಹಿಡಿದು ತಾಲೂಕು ಕಚೇರಿಯ ಮೆಟ್ಟಿಲು ಸವೆಸಿದ ಓದುಗರಿಗೆ ಅಂಥ ಬರಹ ಒಣ ಕಾಗದವೆನಿಸಲಾರದು. ಕಾಗದದಲ್ಲಿ ಹೆಸರಿಲ್ಲದಿದ್ದರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.